ಜೇಬು ಸೇರಿದ ಕತ್ತಲೆಕೋಣೆ

1854ರ ಡಿಸೆಂಬರ್ ತಿಂಗಳು. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಲಿನೀಯಸ್ ಟ್ರೈಪ್ ಎಂಬ ಆಂಗ್ಲನು ರಜೆಯ ಮೇಲೆ ಮೈಸೂರು ಸೀಮೆಯಲ್ಲಿ ಸಂಚರಿಸುತ್ತ ಹಳೆಬೀಡಿಗೂ ಬೇಲೂರಿಗೂ ಬಂದನು. ಹೊಯ್ಸಳ ಶಿಲ್ಪವನ್ನು ಕಂಡು ಮರುಳಾದವರು ಅವನಿಗಿಂತ ಮೊದಲೂ ಇದ್ದರು. ಅವರು ಮಾತಿನಲ್ಲಿ ಬಣ್ಣಿಸಿದರು, ಇಲ್ಲವೆ ಕೈಯಿಂದ ಚಿತ್ರ ಬರೆದುಕೊಂಡು ಹೋದರು. ಟ್ರೈಪನಾದರೋ ಸೂರ್ಯನ ಬೆಳಕಿನಿಂದಲೇ ಚಿತ್ರ ಬರೆಸಲು ಬಂದಿದ್ದನು. ಪೆಟ್ಟಿಗೆಯಂತಹ ಮರದ ಕ್ಯಾಮೆರಾ, ಅದನ್ನು ನಿಲ್ಲಿಸಲು ಮುಕ್ಕಾಲಿ, ಬೆಳ್ಳಿಯ ಲವಣ ಸವರಿದ ಕಾಗದ, ದ್ರಾವಣದ ಸೀಸೆಗಳು, ತಟ್ಟೆಗಳು - ಇಷ್ಟೂ ಒಟ್ಟುಗೂಡಿದರೆ ಒಂದು ಚಿತ್ರ. ಮಸೂರದ ಮುಚ್ಚಳ ತೆಗೆದ ಮೇಲೆ ನಿಮಿಷಗಟ್ಟಲೆ ಕಾಯಬೇಕು. ಆ ನಡುವೆ ಕ್ಯಾಮೆರಾ ಕೊಂಚ ಅಲುಗಿತೆಂದರೆ ಅಷ್ಟು ಹೊತ್ತಿನ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ!

ಇಂದು ಅದೇ ಹೊಯ್ಸಳೇಶ್ವರನ ಗುಡಿಯ ಮುಂದೆ ಬೆಂಗಳೂರಿನಿಂದ ಬಂದ ಒಂದು ಸಂಸಾರ ನಿಂತಿದೆಯೆಂದು ಭಾವಿಸಬಹುದು. ಹೈಸ್ಕೂಲಿನ ಹುಡುಗಿ ಫೋನನ್ನು ಹೊರತೆಗೆದು, "ಅಜ್ಜಿ, ಸ್ವಲ್ಪ ಈ ಕಡೆ ನೋಡಿ" ಎನ್ನುತ್ತಾಳೆ. ಅಜ್ಜಿ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ನಾಲ್ಕು ಚಿತ್ರಗಳು ಮುಗಿದಿರುತ್ತವೆ. ಹುಡುಗಿಯ ತಂದೆ ಮಾತ್ರ ತುಸು ಕಸಿವಿಸಿಯಿಂದ ನಿಂತಿದ್ದಾನೆ. ವರುಷಗಳಿಂದ ಹಣ ಕೂಡಿಸಿ ಕೊಂಡ ದೊಡ್ಡ ಕ್ಯಾಮೆರಾ, ಎರಡು ಲೆನ್ಸುಗಳು, ಫ್ಲಾಷು, ಮುಕ್ಕಾಲಿ - ಎಲ್ಲವನ್ನೂ ಈ ಬಾರಿ ಅವನು ಮನೆಯ ಬೀರುವಿನಲ್ಲಿಯೇ ಬಿಟ್ಟುಬಂದಿದ್ದಾನೆ. ಆ ಚೀಲ ಆರೇಳು ಕಿಲೋಗ್ರಾಂ ತೂಗುತ್ತದೆ. ಮಗಳ ಕೈಯಲ್ಲಿರುವುದು ಇನ್ನೂರು ಗ್ರಾಂ. ಹೆಗಲು ಹಗುರವಾಗಿದೆ. ಆದರೆ ಮನಸ್ಸು ಕೇಳುತ್ತಿದೆ: ಬಿಟ್ಟುಬಂದದ್ದು ಬರಿಯ ತೂಕವನ್ನೋ, ಅಥವಾ ಬೇರೆ ಏನನ್ನಾದರೂ ಬಿಟ್ಟೆನೋ?

ಈ ಪ್ರಶ್ನೆ ಅವನೊಬ್ಬನದೇ ಅಲ್ಲ, ಹೊಸದೂ ಅಲ್ಲ. ಛಾಯಾಗ್ರಹಣದ ಚರಿತ್ರೆಯೆಂಬುದು ಬಹುಮಟ್ಟಿಗೆ ಹೊರೆ ಇಳಿಸಿದವರ ಚರಿತ್ರೆ. ಒಂದೊಂದು ಸಲ ಹೊರೆ ಇಳಿದಾಗಲೂ ಇದೇ ಪ್ರಶ್ನೆ ಎದ್ದಿದೆ.

ಗುಡಾರ ಹೊತ್ತು ಹಿಮಾಲಯಕ್ಕೆ

1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರನು ಗಾಜಿನ ಫಲಕದ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸವರಿ ಚಿತ್ರ ಪಡೆಯುವ ಕ್ರಮವನ್ನು ಪ್ರಕಟಿಸಿದನು. ಕಾಗದದ ನೆಗೆಟಿವಿಗಿಂತ ಇದರಲ್ಲಿ ಚಿತ್ರ ಬಹು ಸ್ಪಷ್ಟ. ಆದರೆ ಒಂದು ಕಟ್ಟುಪಾಡು ಉಂಟು. ಸವರಿದ ಲೇಪ ಹಸಿಯಾಗಿರುವಾಗಲೇ ಚಿತ್ರ ಹಿಡಿಯಬೇಕು, ಹಸಿಯಾಗಿರುವಾಗಲೇ ದ್ರಾವಣದಲ್ಲಿ ಅದ್ದಿ ಚಿತ್ರವನ್ನು ಮೂಡಿಸಬೇಕು. ಒಣಗಿದರೆ ಕೆಟ್ಟಿತು. ಆದ್ದರಿಂದ ಛಾಯಾಗ್ರಾಹಕನು ಹೋದ ಕಡೆಗೆಲ್ಲ ಕತ್ತಲೆಕೋಣೆಯೂ ಅವನ ಬೆನ್ನ ಹಿಂದೆಯೇ ಹೋಗಬೇಕಾಯಿತು.

ನಾಟಿಂಗ್‌ಹ್ಯಾಮಿನ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಸ್ಯಾಮ್ಯುಯಲ್ ಬೋರ್ನನು ಆ ಕೆಲಸ ಬಿಟ್ಟು 1863ರಲ್ಲಿ ಭಾರತಕ್ಕೆ ಬಂದವನು. ಅದೇ ವರ್ಷ ಸಿಮ್ಲಾದಿಂದ ಹಿಮಾಲಯದ ಒಳನಾಡಿಗೆ ಹೊರಟಾಗ ಅವನ ಸಾಮಾನು ಹೊರಲು ಸುಮಾರು ಮೂವತ್ತು ಮಂದಿ ಕೂಲಿಯಾಳುಗಳು ಬೇಕಾದರು. ಗಾಜಿನ ಫಲಕಗಳು, ರಾಸಾಯನಿಕಗಳು, ಕತ್ತಲೆಯ ಗುಡಾರ - ಎಲ್ಲವೂ ಮನುಷ್ಯರ ಬೆನ್ನ ಮೇಲೆಯೇ ಏರಬೇಕು. 1866ರ ಯಾತ್ರೆಯಲ್ಲಿ ಅವನು ಸುಮಾರು 18,600 ಅಡಿ ಎತ್ತರದ ಮಾನಿರಂಗ್ ಕಣಿವೆಯನ್ನು ಹತ್ತಿ, ಕೈ ಮರಗಟ್ಟುವ ಚಳಿಯಲ್ಲಿ ಅಲ್ಲಿಯೂ ಚಿತ್ರ ಹಿಡಿದನು. ಚಿತ್ರದ ಕೆಳಗೆ ಬೋರ್ನನ ಹೆಸರು ಉಳಿಯಿತು. ಆ ಗಾಜನ್ನು ಒಡೆಯದಂತೆ ಬೆಟ್ಟ ಹತ್ತಿಸಿ ಇಳಿಸಿದ ಆಳುಗಳ ಹೆಸರುಗಳು ಎಲ್ಲಿಯೂ ಉಳಿಯಲಿಲ್ಲ.

ಇಷ್ಟು ಕಷ್ಟಪಟ್ಟು ಹೋದವನು ಕಂಡಕಂಡದ್ದಕ್ಕೆಲ್ಲ ಕ್ಯಾಮೆರಾ ಹೂಡುವಂತಿರಲಿಲ್ಲ. ಒಂದು ಫಲಕ ವ್ಯರ್ಥವಾದರೆ ಒಬ್ಬ ಮನುಷ್ಯನ ಹಲವು ದಿನಗಳ ಬೆವರು ವ್ಯರ್ಥ. ಹೀಗಾಗಿ ನಿಂತು ನೋಡುವುದು, ಬೆಳಕು ಹದಕ್ಕೆ ಬರುವವರೆಗೆ ಕಾಯುವುದು, ಬೇಡವೆನಿಸಿದರೆ ಬಿಟ್ಟು ಮುಂದೆ ಹೋಗುವುದು - ಇವೆಲ್ಲ ಅಭ್ಯಾಸವಾದವು. ಇವನ್ನು ಕಲಿಸಿದ ಗುರು ಹೊರೆಯೇ ಎಂದರೆ ತಪ್ಪಾಗಲಾರದು.

ಉಬ್ಬಸದಿಂದ ಹುಟ್ಟಿದ ಕ್ಯಾಮೆರಾ

ಹೊರೆಯನ್ನು ಮೊದಲು ಇಳಿಸಿದವನು ಅಮೆರಿಕದ ಜಾರ್ಜ್ ಈಸ್ಟ್‌ಮನ್. 1888ರಲ್ಲಿ ಅವನು ಮಾರುಕಟ್ಟೆಗೆ ತಂದ ಕೊಡಕ್ ಕ್ಯಾಮೆರಾದ ಬೆಲೆ 25 ಡಾಲರ್. ಒಳಗೆ ನೂರು ಚಿತ್ರಗಳಿಗಾಗುವ ಸುರುಳಿ. ಮುಗಿದ ಮೇಲೆ ಕ್ಯಾಮೆರಾವನ್ನೇ ಕಂಪನಿಗೆ ಕಳುಹಿಸಿದರೆ ಚಿತ್ರಗಳು ಮುದ್ರಿತವಾಗಿ, ಹೊಸ ಸುರುಳಿಯೊಡನೆ ಮನೆಗೆ ಮರಳುತ್ತಿದ್ದವು. 1900ರಲ್ಲಿ ಬಂದ ಬ್ರೌನಿ ಕ್ಯಾಮೆರಾದ ಬೆಲೆ ಒಂದೇ ಡಾಲರ್. ಅಂದಿನಿಂದ ಚಿತ್ರ ತೆಗೆಯುವುದು ಪಂಡಿತರ ಸ್ವತ್ತಾಗಿ ಉಳಿಯಲಿಲ್ಲ.

ಎರಡನೆಯ ಕಥೆ ಇನ್ನೂ ಸ್ವಾರಸ್ಯವಾದುದು. ಜರ್ಮನಿಯ ವೆಟ್ಸ್‌ಲಾರಿನಲ್ಲಿ ಸೂಕ್ಷ್ಮದರ್ಶಕಗಳನ್ನು ತಯಾರಿಸುತ್ತಿದ್ದ ಲೈಟ್ಸ್ ಕಾರ್ಖಾನೆಯಲ್ಲಿ ಆಸ್ಕರ್ ಬಾರ್ನಾಕ್ ಎಂಬ ಕುಶಲ ಯಂತ್ರಜ್ಞನಿದ್ದನು. ಅವನಿಗೆ ಚಿತ್ರ ತೆಗೆಯುವ ಹುಚ್ಚು, ಜೊತೆಗೆ ಉಬ್ಬಸದ ಕಾಯಿಲೆ. ಫಲಕಗಳ ಭಾರದ ಕ್ಯಾಮೆರಾ ಹೊತ್ತು ಗುಡ್ಡ ಹತ್ತುವುದು ಅವನ ಎದೆಗೆ ಆಗದ ಮಾತು. ಆಗ ಅವನಿಗೆ ಚಲನಚಿತ್ರದ 35 ಮಿಲಿಮೀಟರ್ ಫಿಲ್ಮಿನ ನೆನಪಾಯಿತು. ಪುಟ್ಟ ನೆಗೆಟಿವ್ ಪಡೆದು ಆಮೇಲೆ ದೊಡ್ಡದು ಮಾಡಿಕೊಂಡರೆ ಆಗದೇ? ಮೊದಲನೆಯ ಮಹಾಯುದ್ಧಕ್ಕೆ ಮುಂಚೆಯೇ ಅವನು ಮಾದರಿಯೊಂದನ್ನು ತಯಾರಿಸಿದನು. 1925ರ ಲೈಪ್‌ಸಿಗ್ ಜಾತ್ರೆಯಲ್ಲಿ ಅದು "ಲೈಕಾ" ಎಂಬ ಹೆಸರಿನಿಂದ ಲೋಕಕ್ಕೆ ಕಾಣಿಸಿಕೊಂಡಿತು.

ಆಟದ ಸಾಮಾನೆಂದು ಅದನ್ನು ಕಂಡು ಮೂಗು ಮುರಿದವರೂ ಉಂಟು. ಆದರೆ ಫ್ರಾನ್ಸಿನ ಹೆನ್ರಿ ಕಾರ್ಟಿಯೆ-ಬ್ರೆಸನ್ ಆ ಪುಟ್ಟ ಕ್ಯಾಮೆರಾವನ್ನೇ ಹಿಡಿದು ಜನರ ನಡುವೆ ಜನರಂತೆಯೇ ನಡೆದಾಡಿದನು. 1948ರ ಜನವರಿಯಲ್ಲಿ ದೆಹಲಿಯಲ್ಲಿದ್ದು ಗಾಂಧೀಜಿಯವರ ಕೊನೆಯ ದಿನಗಳನ್ನೂ ಅವರ ಅಂತ್ಯಯಾತ್ರೆಯನ್ನೂ ಅವನು ಸೆರೆಹಿಡಿದನು. ಶೋಕದಲ್ಲಿ ಮುಳುಗಿದ ಜನಸಂದಣಿಯೊಳಗೆ ಮುಕ್ಕಾಲಿ ಹೂಡಿ, ಕರಿಯ ಬಟ್ಟೆ ಹೊದ್ದು ನಿಂತಿದ್ದರೆ ಆ ಚಿತ್ರಗಳು ದೊರೆಯುತ್ತಿದ್ದವೇ? ಹಗುರವಾದ ಕ್ಯಾಮೆರಾ ಕೊಟ್ಟ ದೊಡ್ಡ ವರ ಇದು: ಮನುಷ್ಯನ ಸಮೀಪಕ್ಕೆ ಹೋಗುವ ಅವಕಾಶ.

ದೂರವಾಣಿಗೆ ಕಣ್ಣು ಬಂತು

1975ರಲ್ಲಿ ಕೊಡಕ್ ಸಂಸ್ಥೆಯ ತರುಣ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಫಿಲ್ಮೇ ಇಲ್ಲದ ಕ್ಯಾಮೆರಾವೊಂದನ್ನು ಜೋಡಿಸಿದರು. ತೂಕ ಮೂರೂವರೆ ಕಿಲೋಗ್ರಾಮಿಗಿಂತಲೂ ಹೆಚ್ಚು. ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿನಲ್ಲಿ ದಾಖಲಿಸಲು 23 ಸೆಕೆಂಡು. ಚಿತ್ರವೋ, ಹತ್ತು ಸಾವಿರ ಚುಕ್ಕೆಗಳಿಂದಾದ ಮಸುಕು. ಆದರೂ ಬೀಜ ಬಿದ್ದಿತ್ತು.

1997ರ ಜೂನ್ 11ರಂದು ಕ್ಯಾಲಿಫೋರ್ನಿಯದ ಸಾಂಟಾ ಕ್ರೂಸ್ ಎಂಬಲ್ಲಿ, ಹೆರಿಗೆಯ ಕೋಣೆಯಲ್ಲಿ ಹೆಂಡತಿಯ ಬಳಿಯಿದ್ದ ಫಿಲಿಪ್ ಕಾನ್ ಎಂಬ ತಂತ್ರಜ್ಞರು, ಪುಟ್ಟ ಡಿಜಿಟಲ್ ಕ್ಯಾಮೆರಾ, ಮೊಬೈಲ್ ಫೋನು ಮತ್ತು ಮಡಿಲ ಕಂಪ್ಯೂಟರುಗಳನ್ನು ತಂತಿಗಳಿಂದ ಬೆಸೆದು, ಆಗತಾನೆ ಹುಟ್ಟಿದ ಮಗಳ ಚಿತ್ರವನ್ನು ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ ಕಳುಹಿಸಿದರು. ಫೋನಿನ ಕ್ಯಾಮೆರಾದ ಜನನಕ್ಕೆ ಕಾರಣ ಯುದ್ಧವೂ ಅಲ್ಲ, ವ್ಯಾಪಾರವೂ ಅಲ್ಲ. "ಮಗು ಹೇಗಿದೆ?" ಎಂದು ಕೇಳುವ ಬಂಧುಬಳಗಕ್ಕೆ ಬೇಗ ತೋರಿಸಬೇಕೆಂಬ ತಂದೆಯೊಬ್ಬನ ಆತುರ! 2000ದಲ್ಲಿ ಜಪಾನಿನ ಶಾರ್ಪ್ ಸಂಸ್ಥೆ ಮಾರಿದ ಕ್ಯಾಮೆರಾ ಫೋನಿನಲ್ಲಿ ಇದ್ದದ್ದು ಒಂದು ಲಕ್ಷ ಹತ್ತು ಸಾವಿರ ಚುಕ್ಕೆಗಳು. ಇಂದಿನ ಸಾಮಾನ್ಯ ಫೋನಿನಲ್ಲಿಯೂ ಅವು ಕೋಟಿಗಳ ಲೆಕ್ಕದಲ್ಲಿವೆ.

ಪುಟ್ಟ ಕಣ್ಣು, ದೊಡ್ಡ ಲೆಕ್ಕ

ಎಂಟು ಮಿಲಿಮೀಟರ್ ದಪ್ಪದ ತಗಡಿನಂತಹ ಯಂತ್ರ ಇಷ್ಟು ಚಂದದ ಚಿತ್ರ ಕೊಡುವುದು ಹೇಗೆ? ಮಳೆ ಬರುವಾಗ ಅಂಗಳದಲ್ಲಿಟ್ಟ ಪಾತ್ರೆಯನ್ನು ನೆನೆದರೆ ವಿಷಯ ತಿಳಿಯುತ್ತದೆ. ಪಾತ್ರೆಯ ಬಾಯಿ ಅಗಲವಾದಷ್ಟೂ ನೀರು ಹೆಚ್ಚು. ಕ್ಯಾಮೆರಾದಲ್ಲಿ ಬೆಳಕನ್ನು ಹಿಡಿಯುವ ಪಾತ್ರೆಗೆ ಸೆನ್ಸರ್ ಎಂದು ಹೆಸರು. ದೊಡ್ಡ ಕ್ಯಾಮೆರಾದ ಸೆನ್ಸರಿನ ಅಳತೆ 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲ - ಬಾರ್ನಾಕನ ಫಿಲ್ಮಿನ ಚೌಕಟ್ಟಿನ ಅಳತೆಯೇ. ಉತ್ತಮ ಫೋನಿನಲ್ಲಿ ಅದು ಸುಮಾರು ಹತ್ತು ಮಿಲಿಮೀಟರ್ ಉದ್ದ, ಏಳು ಮಿಲಿಮೀಟರ್ ಅಗಲ. ವಿಸ್ತೀರ್ಣದಲ್ಲಿ ಹನ್ನೆರಡರಲ್ಲಿ ಒಂದು ಪಾಲು.

ಈ ಬಡತನವನ್ನು ಫೋನು ಲೆಕ್ಕದಿಂದ ತುಂಬಿಕೊಳ್ಳುತ್ತದೆ. ಗುಂಡಿ ಒತ್ತಿದಾಗ ಅದು ಹಿಡಿಯುವುದು ಬಹುವೇಳೆ ಒಂದು ಚಿತ್ರವನ್ನಲ್ಲ, ಒಂದರ ಹಿಂದೊಂದರಂತೆ ಹಲವನ್ನು. ಕೈ ನಡುಗಿದುದನ್ನು ಲೆಕ್ಕಹಾಕಿ ಅವನ್ನೆಲ್ಲ ಒಂದರ ಮೇಲೊಂದು ಕೂಡಿಸುತ್ತದೆ. ಒಂದರಲ್ಲಿರುವ ಮಸುಕು ಚುಕ್ಕೆ ಇನ್ನೊಂದರಲ್ಲಿ ಇರುವುದಿಲ್ಲವಾದ್ದರಿಂದ, ಸರಾಸರಿ ತೆಗೆದಾಗ ಮಸುಕು ಅಳಿದು ಚಿತ್ರ ಉಳಿಯುತ್ತದೆ. ದೀಪಾವಳಿಯ ಹಣತೆಯ ಬೆಳಕಿನಲ್ಲಿ ಮಗುವಿನ ಮುಖ ಮೂಡುವುದು ಹೀಗೆ. ಮುಖ ಸ್ಪಷ್ಟವಾಗಿದ್ದು ಹಿನ್ನೆಲೆ ಮಂಜಾಗುವ ಸೊಗಸು ದೊಡ್ಡ ಮಸೂರಕ್ಕೆ ಹುಟ್ಟುಗುಣ. ಫೋನು ಅದನ್ನೂ ಲೆಕ್ಕದಿಂದಲೇ ಬರೆಯುತ್ತದೆ. ಒಮ್ಮೊಮ್ಮೆ ಲೆಕ್ಕ ತಪ್ಪಿ ಅಜ್ಜಿಯ ಮುಡಿಯ ಹೂವೂ ಹಿನ್ನೆಲೆಯೊಡನೆ ಕರಗಿಹೋಗುವುದುಂಟು. ಬೋರ್ನನ ಆಳುಗಳು ಹೊತ್ತ ಕತ್ತಲೆಕೋಣೆ ಮಾಯವಾಗಿಲ್ಲ. ಅದು ಚೂರು ಸಿಲಿಕಾನಿನೊಳಗೆ ಹೊಕ್ಕು ಅಂಗಿಯ ಜೇಬನ್ನು ಸೇರಿದೆ.

ಗೆಲ್ಲುವ ಕಡೆ, ಸೋಲುವ ಕಡೆ

ವೃತ್ತಿಪರರೂ ಇದನ್ನು ಬಳಸಿ ನೋಡಿದ್ದಾರೆ. "ನ್ಯೂಯಾರ್ಕ್ ಟೈಮ್ಸ್" ಪತ್ರಿಕೆಯ ಛಾಯಾಗ್ರಾಹಕ ಡೇಮನ್ ವಿಂಟರ್ 2010ರಲ್ಲಿ ಅಫ್ಘಾನಿಸ್ತಾನದಲ್ಲಿದ್ದ ಸೈನಿಕರ ದಿನಚರಿಯನ್ನು ಫೋನಿನಿಂದ ಚಿತ್ರಿಸಿದರು. ಮರುವರ್ಷ ಅಮೆರಿಕದ ಪ್ರತಿಷ್ಠಿತ ಸ್ಪರ್ಧೆಯೊಂದರಲ್ಲಿ ಆ ಚಿತ್ರಮಾಲೆಗೆ ಮೂರನೆಯ ಬಹುಮಾನ ಬಂದಾಗ, ಇದು ಛಾಯಾಗ್ರಹಣವೇ ಎಂದು ದೊಡ್ಡ ವಾದವೇ ನಡೆಯಿತು. ದೊಡ್ಡ ಕ್ಯಾಮೆರಾ ಎತ್ತಿದರೆ ಬಿಗಿಯಾಗುವ ಮುಖ, ಎಲ್ಲರ ಕೈಯಲ್ಲಿಯೂ ಇರುವ ಫೋನಿನ ಮುಂದೆ ಸಹಜವಾಗಿಯೇ ಇರುತ್ತದೆ. 2012ರಲ್ಲಿ ಸ್ಯಾಂಡಿ ಚಂಡಮಾರುತ ಅಮೆರಿಕದ ಕರಾವಳಿಗೆ ಅಪ್ಪಳಿಸಿದಾಗ ಬೆನ್ ಲೋವಿ ಎಂಬವರು ಫೋನಿನಲ್ಲಿ ತೆಗೆದ ಚಿತ್ರ "ಟೈಮ್" ವಾರಪತ್ರಿಕೆಯ ಮುಖಪುಟವನ್ನೇ ಅಲಂಕರಿಸಿತು.

ಹಾಗಾದರೆ ಭಾರದ ಸಾಮಗ್ರಿಗೆ ಇನ್ನು ಕೆಲಸವೇ ಇಲ್ಲವೇ? ಅದಕ್ಕೆ ಉತ್ತರ ನಾಗರಹೊಳೆಯ ಕಾಡಿನಲ್ಲಿದೆ. ಮುಸ್ಸಂಜೆಯಲ್ಲಿ ನೂರು ಗಜ ದೂರದ ಪೊದೆಯಿಂದ ಹುಲಿ ತಲೆ ಹೊರಹಾಕಿದಾಗ, ಫೋನಿನಲ್ಲಿ ಬೀಳುವುದು ಹಳದಿಯ ಒಂದು ಕಲೆ. ಬೆರಳಿನಿಂದ ಹಿಗ್ಗಿಸಿದರೆ ಹುಲಿ ಹಿಗ್ಗುವುದಿಲ್ಲ, ಕಲೆ ಹಿಗ್ಗುತ್ತದೆ. ಕೆಲವು ಫೋನುಗಳು ಕಾಣದುದನ್ನು ಊಹಿಸಿ ತುಂಬಿಬಿಡುತ್ತವೆ. ನೋಡಲು ಸೊಗಸು, ಆದರೆ ಸಾಕ್ಷಿಗೆ ನಿಲ್ಲುವುದಿಲ್ಲ. ಸಂಡೂರಿನ ಎಂ. ವೈ. ಘೋರ್ಪಡೆ, ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಮೊದಲಾದವರು ವನ್ಯಜೀವಿಗಳ ಛಾಯಾಗ್ರಹಣದಲ್ಲಿ ಕನ್ನಡ ನಾಡಿಗೆ ತಂದ ಕೀರ್ತಿಯ ಹಿಂದೆ ಉದ್ದ ಮಸೂರವೂ ಇತ್ತು, ಅದನ್ನು ಹೊತ್ತು ಅಲುಗದೆ ಕುಳಿತ ತಾಳ್ಮೆಯೂ ಇತ್ತು. ಕ್ರಿಕೆಟ್ ಪಂದ್ಯ, ರಂಗದ ಮೇಲಿನ ನೃತ್ಯ, ಗೋಡೆಯಷ್ಟು ದೊಡ್ಡದಾಗಿ ಮುದ್ರಿಸಬೇಕಾದ ಚಿತ್ರ - ಇಲ್ಲೆಲ್ಲ ಇಂದಿಗೂ ದೊಡ್ಡ ಕ್ಯಾಮೆರಾದ್ದೇ ಮೇಲುಗೈ.

ಇದಕ್ಕೆ ಪ್ರತಿಯಾಗಿ ಸಂತೆ, ತೇರು, ರೈಲಿನ ಡಬ್ಬಿ, ಅಡಿಗೆಮನೆ, ಹಿರಿಯರ ಹರಟೆ - ಇಲ್ಲಿ ಫೋನು ಸಾಕು. ಸಾಕೆನ್ನುವುದಕ್ಕಿಂತ ಇದೇ ಮೇಲು. ಮೈಸೂರಿನ ಟಿ. ಎಸ್. ಸತ್ಯನ್ (1923-2009) ಅವರ ಕೀರ್ತಿ ನಿಂತಿರುವುದು ಸಾಮಾನ್ಯ ಜನರ, ಅದರಲ್ಲಿಯೂ ಮಕ್ಕಳ, ಚಿತ್ರಗಳ ಮೇಲೆ. ಅವನ್ನು ನೋಡಿದವರಿಗೆ ನೆನಪಿನಲ್ಲಿ ಉಳಿಯುವುದು ಯಾವ ಲೆನ್ಸಿನಿಂದ ತೆಗೆದರೆಂಬುದಲ್ಲ. ಆ ಮಗು ನಕ್ಕ ಬಗೆ.

ಹೊಟ್ಟೆಪಾಡಿನ ಮಾತು

ಹೊರೆ ಇಳಿದಾಗ ಕೂಲಿಯೂ ಇಳಿಯುವುದು ಲೋಕದ ರೀತಿ. 2013ರ ಮೇ ತಿಂಗಳಲ್ಲಿ "ಷಿಕಾಗೋ ಸನ್-ಟೈಮ್ಸ್" ಪತ್ರಿಕೆ ತನ್ನ ಛಾಯಾಗ್ರಾಹಕರ ವಿಭಾಗವನ್ನೇ ಮುಚ್ಚಿ, 28 ಮಂದಿಯನ್ನು ಮನೆಗೆ ಕಳುಹಿಸಿತು. ಪುಲಿಟ್ಜರ್ ಬಹುಮಾನ ಪಡೆದ ಜಾನ್ ಎಚ್. ವೈಟ್ ಕೂಡ ಅವರಲ್ಲೊಬ್ಬರು. ವರದಿಗಾರರಿಗೆ ಫೋನಿನಲ್ಲಿ ಚಿತ್ರ ತೆಗೆಯುವ ತರಬೇತಿ ಕೊಟ್ಟರೆ ಸಾಕೆಂಬುದು ಆಡಳಿತದವರ ಎಣಿಕೆಯಾಗಿತ್ತು. ಅವರು ಉಳಿಸಿದ್ದು ಸಂಬಳ; ಕಳೆದುಕೊಂಡದ್ದು ಎಲ್ಲಿ ನಿಲ್ಲಬೇಕು, ಯಾವಾಗ ಒತ್ತಬೇಕು ಎಂದು ಬಲ್ಲ ಕಣ್ಣುಗಳನ್ನು.

ಕನ್ನಡ ನಾಡಿನ ಊರೂರುಗಳ ಪೇಟೆಬೀದಿಯಲ್ಲಿಯೂ ಈ ಗಾಳಿ ಬೀಸಿದೆ. ಬೆಟ್ಟ, ಸರೋವರ, ಅರಮನೆಯ ಮೆಟ್ಟಿಲು ಬರೆದ ಪರದೆ; ಅದರ ಮುಂದೆ ಕುರ್ಚಿಯ ಮೇಲೆ ಕೈಯಿಟ್ಟು ನಿಂತ ಮದುವೆಯ ಹೊಸ ಜೋಡಿ; "ಅಲುಗಬೇಡಿ, ಕಣ್ಣು ಮಿಟುಕಿಸಬೇಡಿ" ಎನ್ನುವ ಸ್ಟುಡಿಯೋ ಯಜಮಾನ - ಈ ನೋಟ ಈಗ ಅಪರೂಪ. ಬೋರ್ನನ ಹೆಸರನ್ನೇ ಹೊತ್ತು ಕಲ್ಕತ್ತೆಯಲ್ಲಿ ನಡೆದುಬಂದ "ಬೋರ್ನ್ ಅಂಡ್ ಷೆಫರ್ಡ್" ಸ್ಟುಡಿಯೋ ಕೂಡ 2016ರಲ್ಲಿ ಬಾಗಿಲು ಹಾಕಿತು. ಉಳಿದ ಸ್ಟುಡಿಯೋಗಳಲ್ಲಿ ಹಲವು ಮದುವೆ, ಗೃಹಪ್ರವೇಶ, ಪಾಸ್‌ಪೋರ್ಟಿನ ಅಳತೆಯ ಚಿತ್ರಗಳನ್ನು ನೆಚ್ಚಿಕೊಂಡು ನಡೆಯುತ್ತಿವೆ. ಮದುವೆಯ ಮನೆಯಲ್ಲಿ ಮಾಂಗಲ್ಯಧಾರಣೆಯ ಗಳಿಗೆ ಎರಡನೆಯ ಬಾರಿ ಬರುವುದಿಲ್ಲ. ನೆಂಟರೆಲ್ಲ ಫೋನು ಎತ್ತಿ ಅಡ್ಡ ನಿಂತಾಗ, ಮುಂಚೆಯೇ ತನ್ನ ಜಾಗ ಹಿಡಿದು ಕಾಯುತ್ತಿದ್ದ ಕಸುಬುದಾರನ ಬೆಲೆ ಏನೆಂಬುದು ಹೆಣ್ಣಿನ ಕಡೆಯವರಿಗೂ ಗಂಡಿನ ಕಡೆಯವರಿಗೂ ಆಲ್ಬಮ್ ಬಂದಾಗಲೇ ಅರಿವಾಗುವುದು.

ಸಾವಿರ ಚಿತ್ರಗಳ ಬಡತನ

ಮನೆಯ ಮಟ್ಟಿಗೆ ಹೇಳುವುದಾದರೆ ಅಪಾಯ ಬೇರೊಂದು ಬಗೆಯದು. ಹಿಂದೆ ಒಂದು ಸುರುಳಿಯಲ್ಲಿ 36 ಚಿತ್ರ. ಹಬ್ಬ, ಪ್ರವಾಸ, ಹುಟ್ಟುಹಬ್ಬಗಳಿಗೆ ಎಣಿಸಿ ಎಣಿಸಿ ಬಳಸಬೇಕು. ತೊಳೆಸಿ ತಂದ ಚಿತ್ರದ ಬೆನ್ನಿಗೆ ಅಜ್ಜ ಶಾಯಿಯಲ್ಲಿ ಹೆಸರು, ಊರು, ತೇದಿ ಬರೆದಿಡುತ್ತಿದ್ದರು. ಅಂಥ ಚಿತ್ರ ಐವತ್ತು ವರ್ಷದ ಮೇಲೂ ಟ್ರಂಕಿನಿಂದ ಎದ್ದು ಬಂದು ಮಾತನಾಡುತ್ತದೆ. ಇಂದು ಒಂದು ಪ್ರವಾಸಕ್ಕೆ ಐನೂರು ಚಿತ್ರ. ಯಾರೂ ಅವನ್ನು ಎರಡನೆಯ ಬಾರಿ ನೋಡುವುದಿಲ್ಲ. ಬಸ್ಸಿನಲ್ಲಿ ಫೋನು ಕಳೆದರೆ, ನೀರಿನಲ್ಲಿ ಬಿದ್ದರೆ, ಮಗುವಿನ ಮೊದಲ ಹೆಜ್ಜೆಯೂ ತಾಯಿಯ ಕೊನೆಯ ನಗೆಯೂ ಒಂದೇ ಕ್ಷಣದಲ್ಲಿ ಹೋದಂತೆ. ಫೋನು ಮತ್ತೊಂದು ಕೊಳ್ಳಬಹುದು.

ಇದಕ್ಕೆ ಪರಿಹಾರ ಕಠಿಣವೇನೂ ಅಲ್ಲ. ತಿಂಗಳಿಗೊಮ್ಮೆ ಒಂದು ಗಂಟೆ ಕುಳಿತು ಬೇಡದ ಚಿತ್ರಗಳನ್ನು ಅಳಿಸುವುದು. ಉಳಿದವನ್ನು ಫೋನಿನ ಹೊರಗೆ ಕನಿಷ್ಠ ಎರಡು ಕಡೆ ನಕಲು ಮಾಡಿಡುವುದು. ವರ್ಷಕ್ಕೆ ಇಪ್ಪತ್ತನ್ನಾದರೂ ಆರಿಸಿ ಕಾಗದದ ಮೇಲೆ ಮುದ್ರಿಸಿ, ಹಿಂದೆ ಹೆಸರು ಬರೆದು ಆಲ್ಬಮ್ಮಿಗೆ ಸೇರಿಸುವುದು. ಆರಿಸುವ ಕೆಲಸಕ್ಕೆ ಮನೆಯವರೆಲ್ಲ ಕೂಡಿದರೆ ಅದೇ ಒಂದು ಹಬ್ಬ.

ಚಿತ್ರ ತೆಗೆಯುವಾಗಲೂ ಹಳೆಯ ಹೊರೆ ಕಲಿಸಿದ ಪಾಠಗಳನ್ನು ಮರೆಯದಿದ್ದರೆ ಫೋನು ಇಮ್ಮಡಿ ಫಲ ಕೊಡುತ್ತದೆ. ಜೇಬಿನ ಧೂಳು, ಬೆರಳಿನ ಎಣ್ಣೆ ಹತ್ತಿದ ಮಸೂರವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಚಿತ್ರ ಮಬ್ಬಾಗುವುದಕ್ಕೆ ಎಷ್ಟೋ ಸಲ ಇದೊಂದೇ ಕಾರಣ. ಹಿಗ್ಗಿಸುವ ಬದಲು ನಾಲ್ಕು ಹೆಜ್ಜೆ ಮುಂದೆ ಹೋಗಬೇಕು. ಮುಖದ ಮೇಲೆ ಕಿಟಕಿಯ ಪಕ್ಕದ ಬೆಳಕು ಬೀಳುವಂತೆ ನಿಲ್ಲಿಸಿದರೆ ಫ್ಲಾಷು ಬೇಡ. ಅಪರಿಚಿತರಾದರೆ ಒಂದು ಮಾತು ಕೇಳಬೇಕು. ದೊಡ್ಡ ಕ್ಯಾಮೆರಾ ಕಂಡು ಬೇಡವೆನ್ನುವ ಅವಕಾಶ ಅವರಿಗಿತ್ತು. ಕಾಣದ ಕ್ಯಾಮೆರಾ ಆ ಅವಕಾಶವನ್ನು ಕಸಿಯಬಾರದು.

ಹಳೆಬೀಡಿನ ಅಂಗಳದಲ್ಲಿ ನಿಂತ ಆ ತಂದೆಗೂ ಇಷ್ಟರಲ್ಲಿ ಉತ್ತರ ಹೊಳೆದಿರಬೇಕು. ಬೀರುವಿನಲ್ಲಿ ಬಿಟ್ಟುಬಂದದ್ದು ಲೋಹ ಮತ್ತು ಗಾಜನ್ನು ಮಾತ್ರ. ಅದನ್ನು ಹೊತ್ತು ಕಲಿತ ನೋಟ ಅವನೊಡನೆಯೇ ಇದೆ. ಅವನು ಮಗಳ ಕೈಯಿಂದ ಫೋನು ಪಡೆದು, ಅಜ್ಜಿಯನ್ನು ನೆರಳಿಗೂ ಬಿಸಿಲಿಗೂ ನಡುವೆ ಕುಳ್ಳಿರಿಸಿ, ಸುಮ್ಮನೆ ಕಾಯುತ್ತಾನೆ. "ಇನ್ನೂ ಎಷ್ಟು ಹೊತ್ತು ಅಪ್ಪಾ?" ಎಂದು ಮಗಳು ಕೇಳುತ್ತಾಳೆ. ಆ ಮಾತು ಕೇಳಿ ಅಜ್ಜಿ ತಿರುಗಿ ನಗುತ್ತಾರೆ. ಆಗ ಅವನು ಗುಂಡಿ ಒತ್ತುತ್ತಾನೆ.

ಒಂದೇ ಚಿತ್ರ. ಮುದ್ರಿಸಬೇಕಾದದ್ದು ಅದೇ.